ದವಡೆ ರೋಬೋಟುಗಳು: ಚಲನೆಯ ಅನುಕರಣೆ ಮತ್ತು ಬಾಯಿ ತೆರೆಸುವ ಚಿಕಿತ್ಸೆ

ಕೆಳದವಡೆ ಒಂದೇ ಮೂಳೆಯಾದರೂ ಎಡಬಲದ ಎರಡು ಕೀಲುಗಳಲ್ಲಿ ಏಕಕಾಲಕ್ಕೆ ಆಡುತ್ತದೆ. ಅದು ಬಾಗಿಲಿನಂತೆ ಒಂದೇ ಅಕ್ಷದ ಮೇಲೆ ತಿರುಗುವುದು ಬಾಚಿಹಲ್ಲುಗಳ ನಡುವೆ ಸುಮಾರು 20–25 ಮಿ.ಮೀ. ಅಂತರ ಬರುವವರೆಗೆ ಮಾತ್ರ. ಅಲ್ಲಿಂದ ಮುಂದೆ ಮೂಳೆಯ ಗುಂಡುತುದಿ ಗುಳಿಯನ್ನು ಬಿಟ್ಟು, ಎದುರಿನ ಇಳಿಜಾರಿನ ಮೇಲೆ ಮುಂದಕ್ಕೂ ಕೆಳಕ್ಕೂ ಜಾರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ಅಗಲಿಸಿದರೆ ಇದು ಯಾರಿಗಾದರೂ ತಿಳಿಯುತ್ತದೆ. ಸ್ವೀಡನ್ನಿನ ಉಲ್ಫ್ ಪೊಸೆಲ್ಟ್ ಈ ಚಲನೆಯ ಗಡಿರೇಖೆಗಳನ್ನು 1952ರಲ್ಲೇ ಗುರುತಿಸಿದ್ದರು.

ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಅತ್ಸುವೊ ತಕಾನಿಶಿಯವರ ಬಳಗ 1980ರ ದಶಕದಿಂದ ಅಗಿಯುವ ರೋಬೋಟುಗಳನ್ನು ಕಟ್ಟುತ್ತ ಬಂತು. ಅವುಗಳಲ್ಲಿ ಸ್ನಾಯುಗಳ ಕೆಲಸವನ್ನು ಮೋಟಾರು ಎಳೆಯುವ ತಂತಿಗಳು ಮಾಡುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರು ಕಾಲುಗಳ ಮೇಲೆ ಎಲ್ಲ ದಿಕ್ಕಿಗೂ ಆಡುವ ಸ್ಟೂವರ್ಟ್ ವೇದಿಕೆಯನ್ನು ಆಧರಿಸಿದ ಯಂತ್ರ ಹಲ್ಲಿನ ಸವೆತದ ಪರೀಕ್ಷೆಗೆ ಬಂತು. ಆದರೆ ತಾತ್ವಿಕವಾಗಿ ಹೆಚ್ಚು ಕುತೂಹಲ ಹುಟ್ಟಿಸುವುದು ನ್ಯೂಜಿಲೆಂಡಿನಲ್ಲಿ ವೈಲಿಯಾಂಗ್ ಶು ಮತ್ತು ಸಂಗಡಿಗರು ಕೈಗೊಂಡ ಕೆಲಸ. ಆರು ಮೋಟಾರುಗಳಿಂದ ನಡೆಯುವ ದವಡೆಗೆ ಎರಡೂ ಗುಂಡುತುದಿಗಳು ಇಳಿಜಾರನ್ನು ಬಿಡಬಾರದೆಂಬ ಕಟ್ಟು ಹಾಕಿದರೆ, ಆರು ಬಗೆಯ ಸ್ವತಂತ್ರ ಚಲನೆಗಳಲ್ಲಿ ನಾಲ್ಕೇ ಉಳಿಯುತ್ತವೆ. ಮೋಟಾರು ಆರು, ಚಲನೆ ನಾಲ್ಕು! ಸ್ಥಾನವನ್ನಷ್ಟೇ ನಿಯಂತ್ರಿಸಲು ಹೊರಟರೆ ಮೋಟಾರುಗಳು ಒಂದನ್ನೊಂದು ಎಳೆದಾಡಿ ಕೀಲಿನ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಆದ್ದರಿಂದ ಬಲದ ಹಂಚಿಕೆಯನ್ನೂ ಲೆಕ್ಕ ಹಾಕಲೇಬೇಕು.

ಅನುಕರಣೆಯ ಯಂತ್ರ ಕೊಟ್ಟ ಹಾದಿಯನ್ನು ಬಿಡದೆ ಹಿಡಿಯಬೇಕು. ಬಿಗಿದ ಬಾಯಿಯನ್ನು ತೆರೆಸುವ ಚಿಕಿತ್ಸೆಯ ಯಂತ್ರಕ್ಕೆ ಅದೇ ಗುಣ ಅಪಾಯ. ವಾಸೆಡಾ ಬಳಗವೇ ಯಮನಾಶಿಯ ವೈದ್ಯರೊಡನೆ ಸೇರಿ ರೂಪಿಸಿದ ಬಾಯಿ ತೆರೆಸುವ ರೋಬೋಟಿನಲ್ಲಿ, ವೈದ್ಯರು ಹಿಡಿಯನ್ನು ಆಡಿಸಿದಂತೆ ರೋಗಿಯ ಹಲ್ಲುಗಳ ನಡುವಿನ ಭಾಗ ಆಡುತ್ತಿತ್ತು. ಟೋಕಿಯೊ–ಯಮನಾಶಿ ನಡುವೆ ದೂರಚಿಕಿತ್ಸೆಯ ಪ್ರಯೋಗವೂ ನಡೆಯಿತು. ಎಷ್ಟು ಒತ್ತಬೇಕೆಂಬ ತೀರ್ಮಾನವನ್ನು ಅವರು ಯಂತ್ರಕ್ಕೆ ಬಿಡದೆ ವೈದ್ಯರ ಕೈಯಲ್ಲೇ ಉಳಿಸಿಕೊಂಡದ್ದು ನನಗೆ ಸರಿಯೆನಿಸುತ್ತದೆ.

ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಕೆನ್ನೆಯ ಒಳಪದರದಡಿ ನಾರು ಕಟ್ಟಿ ಬಾಯಿ ಕಿರಿದಾಗುತ್ತದೆ. ಬಾಚಿಹಲ್ಲುಗಳ ಅಂತರ 35 ಮಿ.ಮೀ.ಗಿಂತ ಹೆಚ್ಚದಿದ್ದರೆ ಅದನ್ನು ಬಿಗಿತವೆಂದು ಪರಿಗಣಿಸುವುದು ವಾಡಿಕೆ. ದಂತ ಚಿಕಿತ್ಸಾಲಯಗಳಲ್ಲಿ ಇದಕ್ಕೆ ಇಂದಿಗೂ ಐಸ್‌ಕ್ರೀಮ್ ಕಡ್ಡಿಗಳು ಸಾಮಾನ್ಯ ಸಾಧನ: ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದೇ ಕಡ್ಡಿ ಸೇರಿಸುವುದು. ಅಗ್ಗದ, ಮನೆಯಲ್ಲೇ ಮಾಡಬಹುದಾದ ಈ ಉಪಾಯವನ್ನು ಹೀಗಳೆಯಲಾಗದು. ಆದರೆ ಕಡ್ಡಿಗಳು ಅಂತರವನ್ನು ಹೇಳುತ್ತವೆ, ಬಲವನ್ನು ಹೇಳುವುದಿಲ್ಲ. ಭಾರವೆಲ್ಲ ಮುಂದಿನ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ವಿಕಿರಣ ಚಿಕಿತ್ಸೆಯಿಂದ ಮೂಳೆ ದುರ್ಬಲವಾದವರಲ್ಲಿ ಇದು ಇನ್ನಷ್ಟು ಕಳವಳದ ಸಂಗತಿ.

ಆದ್ದರಿಂದ ನಮ್ಮ ರೋಗಿಗಳಿಗೆ ಆರು ಮೋಟಾರುಗಳ ಯಂತ್ರ ಬೇಕಿಲ್ಲವೆಂದೇ ನನ್ನ ವಾದ. ಒಂದು ಮೋಟಾರು, ಭಾರವನ್ನು ದವಡೆಹಲ್ಲುಗಳಿಗೂ ಹಂಚುವ ತಟ್ಟೆ, ಗುಂಡುತುದಿ ಜಾರಿದಂತೆ ತಾನೂ ಮುಂದೆ ಸರಿಯುವ ಅಕ್ಷ, ನಿಗದಿತ ಬಲ ಮೀರಿದೊಡನೆ ಸಡಿಲಗೊಳ್ಳುವ ಹಿಡಿತ ಇದ್ದರೆ ಸಾಕು. ಅದು ಪ್ರತಿ ಅಭ್ಯಾಸದಲ್ಲೂ ಅಂತರದ ಜೊತೆಗೆ ಬಲವನ್ನೂ ದಾಖಲಿಸಿದರೆ, ನಾರು ಸಡಿಲವಾಗುತ್ತಿದೆಯೋ ಅಥವಾ ಹಲ್ಲುಗಳೇ ಸರಿಯುತ್ತಿವೆಯೋ ಎಂಬುದನ್ನು ವೈದ್ಯರು ಬೇಗ ಗುರುತಿಸಬಹುದು.