ಹಡಗಿನ ಬಿಯರು, ಹರಿಗೋಲಿನ ನ್ಯಾಯ

ಭಾನುವಾರ ಬೆಳಗ್ಗೆ ನಾನು ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಅಮೆರಿಕದಿಂದ ಮಗಳ ಫೋನು ಬಂತು. ಅವಳೂ ಅಳಿಯಂದಿರೂ ಸ್ನೇಹಿತರ ಜೊತೆ ಐದು ದಿನದ ಹಡಗಿನ ಪ್ರವಾಸಕ್ಕೆ ಹೊರಟಿದ್ದರು. ಊಟ, ವಸತಿ, ಆಟ, ಸಿನಿಮಾ ಎಲ್ಲವೂ ಒಳಗೇ ಇರುವ, ಒಂದು ಊರನ್ನೇ ಎತ್ತಿ ನೀರಿನ ಮೇಲೆ ಇಟ್ಟಂಥ ಹಡಗು.

"ಅಮ್ಮಾ, ನಿನ್ನ ಅಳಿಯಂದ್ರಿಗೆ ಒಂದೇ ಬೇಜಾರು. ಮನೆಯಿಂದ ಬಿಯರ್ ತಗೊಂಡು ಹೋಗೋ ಹಾಗಿಲ್ಲವಂತೆ" ಎಂದು ನಕ್ಕಳು.

ಅವಳು ಹೇಳಿದ ಕಟ್ಟುಕಟ್ಟಳೆಗಳನ್ನು ಕೇಳಿ ನನಗೂ ನಗು ಬಂತು. ಹಡಗು ಹತ್ತುವ ಮುಂಚೆ ವಿಮಾನ ನಿಲ್ದಾಣದ ಹಾಗೆಯೇ ಪೆಟ್ಟಿಗೆಗಳನ್ನು ಯಂತ್ರದೊಳಗೆ ಹಾಯಿಸಿ ನೋಡುತ್ತಾರೆ. ಹಲವು ಕಂಪನಿಗಳು ವಯಸ್ಕರಿಗೆ ತಲೆಗೊಂದು 750 ಮಿಲಿಲೀಟರಿನ ವೈನ್ ಬಾಟಲಿ ತರಲು ಬಿಡುತ್ತವೆ. ಬಿಯರ್, ವಿಸ್ಕಿ ಮಾತ್ರ ಕೂಡದು. ನಡುವೆ ಯಾವುದಾದರೂ ಬಂದರಿನಲ್ಲಿ ಇಳಿದು ಕೊಂಡರೂ ಅದನ್ನು ಇಸಿದುಕೊಂಡು ಪ್ರವಾಸ ಮುಗಿಯುವ ಹೊತ್ತಿಗೆ ಹಿಂತಿರುಗಿಸುತ್ತಾರೆ. ಒಳಗೆ ಹಡಗಿನದೇ ಅಂಗಡಿ ಇದೆಯಲ್ಲ, ಅಲ್ಲಿನ ಬೆಲೆಗೆ ಅಲ್ಲಿಯೇ ಕೊಂಡು ಕುಡಿಯಬೇಕು. ಜನ ಸುಮ್ಮನಿರುತ್ತಾರೆಯೇ? ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಯಲ್ಲಿ ಬಣ್ಣ ಬೆರೆಸಿ ತುಂಬಿಕೊಂಡು ಹೋಗುತ್ತಾರೆ. ಬಟ್ಟೆಯ ನಡುವೆ ಬಚ್ಚಿಡಲು ಪ್ಲಾಸ್ಟಿಕ್ ಚೀಲಗಳೇ ಮಾರಾಟಕ್ಕಿವೆ. ಕುಡಿಯುವ ನೀರಿನ ಬಾಟಲಿಯಲ್ಲಿ ಮದ್ಯ ಬರತೊಡಗಿದ್ದರಿಂದ ಕಾರ್ನಿವಲ್ ಎಂಬ ದೊಡ್ಡ ಹಡಗು ಕಂಪನಿ 2015ರಲ್ಲಿ ಪ್ರಯಾಣಿಕರು ನೀರಿನ ಬಾಟಲಿ ತರುವುದನ್ನೇ ನಿಲ್ಲಿಸಿತು.

ಪ್ಲಾಸ್ಟಿಕ್ ಚೀಲದ ಮಾತು ಕೇಳಿದಾಗ ನನಗೆ ನಮ್ಮ ಪ್ಯಾಕೆಟ್ ಸಾರಾಯಿ ನೆನಪಾಯಿತು. ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಖಾಲಿ ಪ್ಯಾಕೆಟ್ಟುಗಳನ್ನು ಗುಡಿಸಿ ಹಾಕಿದ್ದು ನನ್ನ ಕೆಲಸದ ಮೊದಲ ವರ್ಷಗಳ ನೆನಪುಗಳಲ್ಲಿ ಒಂದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು.

ಚರಿತ್ರೆ ಪಾಠ ಮಾಡುವವಳಿಗೆ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಯಾವ ಮಾತು ಕೇಳಿದರೂ ಇದು ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ನಡೆಯುವುದು. ಹಡಗಿಗೆ ಬಿಯರ್ ಹೊತ್ತ ಕಥೆಯನ್ನು ಹಿಂದಕ್ಕೆ ನೋಡಿದರೆ, ಒಂದು ಕಾಲದಲ್ಲಿ ಬಿಯರ್ ಇಲ್ಲದೆ ಹಡಗೇ ಹೊರಡುತ್ತಿರಲಿಲ್ಲ. ಪೀಪಾಯಿಯಲ್ಲಿ ತುಂಬಿಟ್ಟ ಸಿಹಿನೀರು ಕೆಲವೇ ವಾರಗಳಲ್ಲಿ ನಾರುತ್ತಿತ್ತು, ಪಾಚಿ ಕಟ್ಟುತ್ತಿತ್ತು. ಬಿಯರ್ ಸ್ವಲ್ಪ ಹೆಚ್ಚು ದಿನ ತಡೆಯುತ್ತಿತ್ತು. ಅದಕ್ಕೇ ಇಂಗ್ಲಿಷ್ ನೌಕಾಪಡೆಯಲ್ಲಿ ನಾವಿಕನಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಸುಮಾರು ನಾಲ್ಕೂವರೆ ಲೀಟರು ಬಿಯರಿನ ಪಡಿ ಇತ್ತು. ದೂರದ ಸಮುದ್ರದಲ್ಲಿ ಅದರ ಬದಲು ರಮ್ ಕೊಡುತ್ತಿದ್ದರು. ಕುಡಿದು ತೂರಾಡುವವರು ಹೆಚ್ಚಾದಾಗ 1740ರಲ್ಲಿ ವರ್ನನ್ ಎಂಬ ಅಡ್ಮಿರಲ್ ರಮ್ಮಿಗೆ ನೀರು ಬೆರೆಸಿ ಕೊಡಬೇಕೆಂದು ಆಜ್ಞೆ ಮಾಡಿದ. ಈ ರಮ್ಮಿನ ಪಡಿ ಪೂರ್ತಿ ನಿಂತದ್ದು 1970ರಲ್ಲಿ!

ನಮ್ಮ ದೇಶಕ್ಕೆ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳದು ಇನ್ನೊಂದು ಬಗೆ. ಸರಕು ಕಂಪನಿಯದೇ ಆದರೂ ಕ್ಯಾಪ್ಟನ್ನಿಗೂ ಅಧಿಕಾರಿಗಳಿಗೂ ಸ್ವಂತ ವ್ಯಾಪಾರಕ್ಕೆಂದು ಹಡಗಿನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡುತ್ತಿದ್ದರು. ಅವರು ಆ ಜಾಗದಲ್ಲಿ ಹ್ಯಾಮು, ಚೀಸು, ಗಾಜಿನ ಸಾಮಾನು, ಟೋಪಿಗಳ ಜೊತೆಗೆ ಬಿಯರಿನ ಪೀಪಾಯಿಗಳನ್ನೂ ತುಂಬುತ್ತಿದ್ದರು. ಲಂಡನ್ನಿನ ಹಡಗುಕಟ್ಟೆಗೆ ಹತ್ತಿರದಲ್ಲೇ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದವರ ಬಿಯರ್ ಕಾರ್ಖಾನೆ ಇತ್ತು. ಅವರು ಕ್ಯಾಪ್ಟನ್ನುಗಳಿಗೆ ಒಂದು ವರ್ಷಕ್ಕೂ ಮೀರಿ ಸಾಲ ಕೊಡುತ್ತಿದ್ದರು. ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡಿ, ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಮಾರಿ, ಹಿಂದಿರುಗಿ ಹೋಗಿ ಸಾಲ ತೀರಿಸುವಷ್ಟು ವಾಯಿದೆ! 1820ರ ಸುಮಾರಿಗೆ ಹಾಡ್ಜ್‌ಸನ್ನರು ಆಸೆಬಿದ್ದು, ನಡುವಿನವರು ಯಾಕೆ, ನಾವೇ ಹಡಗಿಗೆ ಹಾಕಿ ಮಾರುತ್ತೇವೆ ಎಂದು ಹೊರಟರು. ಆಮೇಲೆ ಬರ್ಟನ್ ಎಂಬ ಊರಿನ ಬಿಯರಿನವರು ಪೈಪೋಟಿಗೆ ಬಂದು ಅವರ ಏಕಸ್ವಾಮ್ಯ ಮುರಿದುಬಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಂದು ಹಡಗಿಗೆ ಸ್ವಂತ ಬಿಯರ್ ಹೊರುವುದು ಅಧಿಕಾರಿಗಳಿಗೆ ಸಿಕ್ಕ ಹಕ್ಕು. ಇಂದು ಅದೇ ಪ್ರಯಾಣಿಕನಿಗೆ ತಪ್ಪು. ಎರಡು ಕಾಲದಲ್ಲೂ ಲಾಭ ಯಾರದು ಎಂಬುದನ್ನು ನೋಡಿಯೇ ನಿಯಮ ಹುಟ್ಟಿದೆ. ಕುಡಿದವನ ಗತಿ ಏನು, ಅವನ ಮನೆಯವರ ಗತಿ ಏನು ಎಂಬುದು ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.

ನಮ್ಮ ಸೀಮೆಗೆ ಬರೋಣ. ಬೊಕ್ಕಸಕ್ಕೆ ನಷ್ಟವಾದರೂ ಸರಿಯೆ, ಪೂರ್ಣ ಪಾನನಿಷೇಧ ಆಗಬೇಕೆಂದು 1787ರಲ್ಲಿ ಟಿಪ್ಪು ತನ್ನ ಮಂತ್ರಿ ಮೀರ್ ಸಾದಿಕನಿಗೆ ಬರೆದಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲ ಬದಲಾಯಿತು. ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ನಮ್ಮ ರಾಮನಗರ ಕ್ಲೋಸ್‌ಪೇಟೆ ಆಯಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿತು. ದಂಡು ಇದ್ದ ಕಡೆ ಬಿಯರಿಗೆ ಗಿರಾಕಿ ಇದ್ದೇ ಇರುತ್ತದೆ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಗ ಸೈನಿಕರಿಗೆ ಬಿಯರ್ ಹೋಗುತ್ತಿದ್ದದ್ದು ದೊಡ್ಡ ಪೀಪಾಯಿಗಳಲ್ಲಿ, ಎತ್ತಿನಗಾಡಿಯ ಮೇಲೆ. ಗಾಡಿ ಹೊಡೆದವರು ನಮ್ಮವರೇ ಇದ್ದಿರಬೇಕು.

ಹೊತ್ತವರ ಮಾತು ಬಂದಾಗ ನಾನು ನನ್ನ ಕಥೆಯನ್ನೂ ಹೇಳದೆ ಇರಲಾರೆ.

1996ರ ಸಂಗತಿ. ನನಗಾಗ ಕೆಲಸ ಸಿಕ್ಕಿ ಒಂದು ವರ್ಷ ಆಗಿತ್ತು. ಕನಕಪುರದ ಹತ್ತಿರದ ನಮ್ಮ ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಮುಗಿದು ಬೀಗರ ಊಟ ಇಟ್ಟುಕೊಂಡಿದ್ದರು. ನಮ್ಮ ಕಡೆ ಬೀಗರ ಊಟ ಎಂದರೆ ಮದುವೆಗಿಂತ ದೊಡ್ಡದು. ಮುದ್ದೆ, ಮಾಂಸದ ಸಾರು, ಚಾಪ್ಸು ಎಲ್ಲ ಆಗಬೇಕು. ಗಂಡಸರಿಗೆ ತೋಟದ ಕಡೆ ಬೇರೆ ಏರ್ಪಾಡು. ನಾನು ಬೆಂಗಳೂರಿನಿಂದ ಬಸ್ಸಿನಲ್ಲಿ ಹೊರಟಿದ್ದೆ. ಅಣ್ಣ ಮಾರ್ಕೆಟ್ಟಿಗೆ ಬಂದು ನನ್ನ ಚೀಲದೊಳಗೆ ಆರು ಬಿಯರ್ ಬಾಟಲಿ ಇಟ್ಟ. ಹಳೆಯ ಪೇಪರ್ ಸುತ್ತಿ, ಮೇಲೆ ಮದುವಣಗಿತ್ತಿಗೆ ತಂದ ಸೀರೆ ಹೊದಿಸಿದ.

"ಅಣ್ಣಾ, ಬಸ್ಸಲ್ಲಿ ಯಾರಾದ್ರೂ ನೋಡಿದ್ರೆ?"

"ಟೀಚರಮ್ಮನ ಚೀಲ ಯಾವನು ನೋಡ್ತಾನೆ? ಸುಮ್ನೆ ತೊಡೆ ಮೇಲೆ ಇಟ್ಕೊಂಡು ಕೂತ್ಕೊ."

ಯಾರೂ ನೋಡಲಿಲ್ಲ. ಕಂಡಕ್ಟರು ಬಹಳ ಗೌರವದಿಂದ, "ಭಾರ ಇದ್ರೆ ಮೇಲಕ್ಕೆ ಇಡ್ಲಾ ಮೇಡಂ?" ಎಂದು ಕೇಳಿದ. ಬೇಡ ಎಂದೆ. ಗುಂಡಿ ಬಂದಾಗೆಲ್ಲ ಬಾಟಲಿ ಕಿಣಿಕಿಣಿ ಎನ್ನುತ್ತಿತ್ತು. ನಾನು ಬಳೆ ಸರಿಮಾಡಿಕೊಳ್ಳುವವಳ ಹಾಗೆ ಕೈ ಆಡಿಸುತ್ತಿದ್ದೆ. ಊರಿಗೆ ಬಂದು ಚೀಲ ಕೊಟ್ಟಾಗ ಎಲ್ಲರೂ ನನ್ನ ಧೈರ್ಯ ಹೊಗಳಿದ್ದೇ ಹೊಗಳಿದ್ದು. ನನಗೂ ಹೆಮ್ಮೆಯಾಯಿತು.

ಆ ದಿನ ತೋಟದಲ್ಲಿ ದೊಡ್ಡವರ ನಡುವೆ ಕುಳಿತು ಮೊದಲ ಸಲ ಬಿಯರ್ ಕುಡಿದವನು ನಮ್ಮ ಸೋದರತ್ತೆಯ ಮಗ. ಅವನಿಗೆ ಹತ್ತೊಂಬತ್ತು ವರ್ಷ. "ಅಕ್ಕ ತಂದಿರೋದು, ಕುಡಿಯೋ" ಎಂದು ಯಾರೋ ತಮಾಷೆ ಮಾಡಿದರಂತೆ. ಆಮೇಲೆ ಅವನು ಬಿಯರಿನಲ್ಲಿ ನಿಲ್ಲಲಿಲ್ಲ. ಜಮೀನು ಕರಗಿತು, ಆರೋಗ್ಯ ಕರಗಿತು. 2009ರಲ್ಲಿ ತೀರಿಕೊಂಡ. ಅವನ ಹೆಂಡತಿ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗೆ ಸೇರಿ, ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಇಬ್ಬರು ಮಕ್ಕಳನ್ನು ಓದಿಸಿದಳು. ಸಿಕ್ಕಾಗಲೆಲ್ಲ "ಚೆನ್ನಾಗಿದ್ದೀರಾ ಅಕ್ಕಾ?" ಎನ್ನುತ್ತಾಳೆ. ಚೀಲದ ವಿಷಯ ಅವಳಿಗೆ ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.

ನಾನು ತರದಿದ್ದರೆ ಇನ್ನೊಬ್ಬರು ತರುತ್ತಿದ್ದರು ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಅದು ನಿಜವೂ ಹೌದು. ಆದರೆ ಗಾಡಿಯವನೂ ಅದನ್ನೇ ಹೇಳಿಕೊಂಡಿರುತ್ತಾನೆ, ಕ್ಯಾಪ್ಟನ್ನೂ ಅದನ್ನೇ ಹೇಳಿಕೊಂಡಿರುತ್ತಾನೆ. ಒಂದು ತೊಟ್ಟೂ ಬಾಯಿಗೆ ಹಾಕದ ಹೆಣ್ಣುಮಕ್ಕಳು ನಾವು ಎಷ್ಟು ಹೊತ್ತಿದ್ದೇವೆ! ಬಾಟಲಿ ಹೊತ್ತಿದ್ದೇವೆ, ನಂಜಿಕೊಳ್ಳಲು ಕಡಲೆಬೀಜ ಹುರಿದಿದ್ದೇವೆ, "ಅವರಿಗೆ ಜ್ವರ" ಎಂದು ಬಾಗಿಲಲ್ಲಿ ನಿಂತು ಸುಳ್ಳು ಹೇಳಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳನ್ನು ಕನಕಪುರದ ಆಚೆಗಿನ ಸಂಗಮಕ್ಕೆ ಕರೆದುಕೊಂಡು ಹೋಗಿದ್ದೆ. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ ಅದು. ಮೇಕೆದಾಟಿಗೆ ಹೋಗಬೇಕಾದರೆ ಅಲ್ಲಿ ನದಿ ದಾಟಬೇಕು. ನೀರು ಹೆಚ್ಚಾಗಿದ್ದರೆ ಹರಿಗೋಲೇ ಗತಿ. ಬಿದಿರಿನ ಬುಟ್ಟಿ, ಸುತ್ತುತ್ತ ಹೋಗುತ್ತದೆ. ನಮಗಿಂತ ಮುಂದೆ ನಾಲ್ಕು ಜನ ಹುಡುಗರು ನಿಂತಿದ್ದರು. ಕೈಯಲ್ಲಿ ಬಿಯರ್ ಬಾಟಲಿಗಳ ಚೀಲ. ಹರಿಗೋಲಿನ ಮುದುಕ ಹುಟ್ಟನ್ನು ಅಡ್ಡ ಹಿಡಿದ.

"ಚೀಲ ದಡದಾಗೆ ಮಡಗ್ರಪ್ಪ. ಅದು ಬರಾಂಗಿಲ್ಲ."

"ನೂರು ರೂಪಾಯಿ ಜಾಸ್ತಿ ತಗೊಳಯ್ಯ."

"ದುಡ್ಡಿನ ಮಾತಲ್ಲ ಕಣಪ್ಪ. ನೀನೊಬ್ಬ ಎದ್ದು ನಿಂತ್ರೆ ಎಲ್ಲಾರೂ ನೀರ್ಗೆ. ಹಿಂದ್ಗಡೆ ಹೆಣ್ಮಕ್ಕಳು ನಿಂತವ್ರೆ, ಕಾಣಾಕಿಲ್ವಾ?"

ಹುಡುಗರು ಗೊಣಗಿಕೊಂಡು ಮರದ ನೆರಳಿಗೆ ಹೋದರು. ಆ ಬೆಳಗಿನ ಮೊದಲ ಸಂಪಾದನೆಯೇ ಅವನ ಕೈ ತಪ್ಪಿತ್ತು. ಅವನು ಮಾತ್ರ ನನ್ನ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೈ ಹಿಡಿದು ಹತ್ತಿಸಿ, ಭಾರ ಒಂದೇ ಕಡೆ ಬೀಳದ ಹಾಗೆ ವೃತ್ತವಾಗಿ ಕೂರಿಸಿದ.

ಈ ಕಥೆಯನ್ನು ಮಗಳಿಗೆ ಮುಂದಿನ ಭಾನುವಾರ ಹೇಳಿದೆ. ಬಸ್ಸಿನ ಚೀಲದ ಕಥೆಯನ್ನೂ ಮೊದಲ ಸಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಮ್ಮಾ, ನನ್ನ ಪೆಟ್ಟಿಗೇಲೂ ಎರಡು ಇಡ್ತೀನಿ ಅಂತಿದ್ರು. ಹೆಂಗಸರ ಪೆಟ್ಟಿಗೆ ಅಷ್ಟಾಗಿ ನೋಡಲ್ವಂತೆ" ಎಂದಳು.

"ನೀನೇನಂದೆ?"

"ಇನ್ನೂ ಏನೂ ಹೇಳಿರಲಿಲ್ಲ. ಇವತ್ತು ಹೇಳ್ತೀನಿ."

ನಾನು ಮತ್ತೆ ಏನೂ ಹೇಳಲು ಹೋಗಲಿಲ್ಲ. ರಾಮನಗರಕ್ಕೆ ಹೋಗುವ ಬಸ್ಸು ಹತ್ತೂವರೆಗೆ ಇತ್ತು. ನಮ್ಮ ಹುಡುಗನ ಹೆಂಡತಿಗೆ ಭಾನುವಾರ ಮಧ್ಯಾಹ್ನ ಬಿಡುವಿರುತ್ತದೆ. ಸುಲಿದ ಅವರೆಕಾಳಿನಲ್ಲಿ ಅರ್ಧದಷ್ಟು ಡಬ್ಬಿಗೆ ಹಾಕಿಕೊಂಡೆ. ಹೇಳಬೇಕಾದ ಮಾತನ್ನು ಇಷ್ಟು ವರ್ಷ ಹೊತ್ತದ್ದು ಸಾಕು ಅನ್ನಿಸಿ ಬಾಗಿಲಿಗೆ ಬೀಗ ಹಾಕಿ ಹೊರಟೆ.