ಯೋಜನಾ ಇಲಾಖೆಯ ಕಾರ್ಯಭಾರ ಸುಧಾರಣೆ, ಕರ್ನಾಟಕ

ರಾಜ್ಯ ಸರ್ಕಾರದ ಯೋಜನಾ ಕಚೇರಿಯನ್ನು ವಾರ್ಷಿಕ ಯೋಜನೆ ಸಿದ್ಧಪಡಿಸುವ ಹೊಣೆಯಿಂದ ಪ್ರಾದೇಶಿಕ ಸಮತೋಲನ, ಅಂಕಿಅಂಶ ಮತ್ತು ಮೌಲ್ಯಮಾಪನದ ಹೊಣೆಗೆ ಹೊರಳಿಸಿದ ಆಡಳಿತಾತ್ಮಕ ಬದಲಾವಣೆ. ಇಂದು ಆ ಕಚೇರಿ ಯೋಜನೆ, ಕಾರ್ಯಕ್ರಮ ಸಂಯೋಜನೆ ಮತ್ತು ಸಾಂಖ್ಯಿಕ ಇಲಾಖೆ.

ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಇಲಾಖೆಗಳ ಪ್ರಸ್ತಾವಗಳನ್ನು ಕ್ರೋಡೀಕರಿಸಿ ಕೇಂದ್ರ ಯೋಜನಾ ಆಯೋಗದ ಒಪ್ಪಿಗೆ ಪಡೆಯುವುದು ಮುಖ್ಯ ಕೆಲಸವಾಗಿತ್ತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದ ಮೇಲೆ ಯೋಜನೆಯ ಒಂದು ಭಾಗ ಜಿಲ್ಲೆಗಳಿಗೆ ಸರಿಯಿತು.

ನಿರ್ಣಾಯಕ ತಿರುವು ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಸಮಿತಿ 35 ಸೂಚಕಗಳಿಂದ ಸಮಗ್ರ ಸೂಚ್ಯಂಕ ರೂಪಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಕೊನೆಯ ಗುಂಪಿನ 26 ತಾಲ್ಲೂಕುಗಳು ಉತ್ತರ ಕರ್ನಾಟಕದವು. ಜಿಲ್ಲಾ ಸರಾಸರಿಗಳು ಮರೆಮಾಚಿದ್ದ ಕೊರತೆ ಹೀಗೆ ತಾಲ್ಲೂಕುವಾರು ದಾಖಲಾದದ್ದು ವರದಿಯ ಹಿರಿಮೆ. 31,000 ಕೋಟಿ ರೂಪಾಯಿಗಳ ಎಂಟು ವರ್ಷದ ವಿಶೇಷ ಅಭಿವೃದ್ಧಿ ಯೋಜನೆಗೆ ಅದು ಶಿಫಾರಸು ಮಾಡಿತು. ಅನುಷ್ಠಾನ 2007-08ರಲ್ಲಿ ಆರಂಭವಾಗಿ, ಸಮನ್ವಯದ ಹೊಣೆ ಯೋಜನಾ ಇಲಾಖೆಗೆ ಬಂತು.

2015ರ ಜನವರಿ 1ರಂದು ಯೋಜನಾ ಆಯೋಗದ ಸ್ಥಾನದಲ್ಲಿ ನೀತಿ ಆಯೋಗ ರಚನೆಯಾಯಿತು. 12ನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ನಲ್ಲಿ ಮುಗಿದು, ಯೋಜನಾ ಮತ್ತು ಯೋಜನೇತರ ವೆಚ್ಚವೆಂಬ ವಿಂಗಡಣೆಯೂ ಕೇಂದ್ರ ಬಜೆಟ್‌ನಲ್ಲಿ ಕೊನೆಗೊಂಡಿತು. ಇದರಿಂದ ಇಲಾಖೆಯ ಹಳೆಯ ಅಧಿಕಾರದ ತಳಹದಿಯೇ ಸಡಿಲವಾಯಿತು. ವಾರ್ಷಿಕ ಆರ್ಥಿಕ ಸಮೀಕ್ಷೆ, ಸುಸ್ಥಿರ ಅಭಿವೃದ್ಧಿ ಗುರಿಗಳ ಉಸ್ತುವಾರಿ ಮತ್ತು ಯೋಜನೆಗಳ ಮೌಲ್ಯಮಾಪನ ಈಗಿನ ಪ್ರಮುಖ ಕಾರ್ಯಗಳು. ಹಣ ಹಂಚಿಕೆಯ ಅಂತಿಮ ನಿರ್ಧಾರ ಆರ್ಥಿಕ ಇಲಾಖೆಯ ಕೈಯಲ್ಲಿರುವುದರಿಂದ, ಮೌಲ್ಯಮಾಪನ ವರದಿಗಳು ಬಜೆಟ್‌ನಲ್ಲಿ ಪ್ರತಿಫಲಿಸುವುದು ಆ ಇಲಾಖೆಯ ಒಪ್ಪಿಗೆಯನ್ನು ಅವಲಂಬಿಸಿದೆ.