ಹಿತ್ತಾಳೆ ಮುಚ್ಚಳದಿಂದ ನಾಲ್ಕು ಪೈಪಿನವರೆಗೆ: ಕಾಡುದಾರಿಗೆ ಮುನ್ನ ಹವಾ ಇಳಿಸುವ ಕೆಲಸ

ಜೋಯಿಡಾ ಕಡೆಯ ಹಳೆಯ ಕಮಾಂಡರ್ ಜೀಪುಗಳ ಗಾಲಿಯಲ್ಲಿ ಈಗಲೂ ಒಮ್ಮೊಮ್ಮೆ ಹಿತ್ತಾಳೆಯ ಮುಚ್ಚಳ ಕಾಣಸಿಗುತ್ತದೆ. ಈಗಿನ ಪ್ಲಾಸ್ಟಿಕ್ ಮುಚ್ಚಳದ ಹಾಗೆ ಅದರ ತಲೆ ಬೋಳಲ್ಲ; ಸಣ್ಣ ಮೊನೆಯೊಂದು ಎರಡಾಗಿ ಸೀಳಿಕೊಂಡಿರುತ್ತದೆ. ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ, ಆ ಸೀಳನ್ನು ನಿಪ್ಪಲಿನೊಳಗೆ ಇಳಿಸಿ ಎಡಕ್ಕೆ ನಾಲ್ಕಾರು ಸುತ್ತು ತಿರುವಿದರೆ ಒಳಗಿನ ಪಿನ್ನು ಕೈಗೆ ಬರುತ್ತದೆ, ಹವಾ ಭರ್ರೆಂದು ಹೊರಬೀಳುತ್ತದೆ. ಆಫ್‌ರೋಡ್ ಅಂಗಡಿಗಳಲ್ಲಿ ಇಂದು ಸಾವಿರಗಟ್ಟಲೆ ರೂಪಾಯಿಗೆ ಮಾರುವ ಸಲಕರಣೆಗಳ ಮೂಲ ತತ್ವ ಇಷ್ಟೇ. ಒಂದು ಕಾಲಕ್ಕೆ ಅದು ಗಾಲಿಯ ಜೊತೆಗೇ ಬರುತ್ತಿತ್ತು. ಪ್ಲಾಸ್ಟಿಕ್ ಮುಚ್ಚಳ ಬಂದ ಮೇಲೆ ಚಾಲಕರ ಕೈಯಿಂದ ಆ ಕೀಲಿ ಜಾರಿಹೋಯಿತು. ಅದನ್ನು ಮರಳಿ ಪಡೆಯಲು ನಡೆದ ಪ್ರಯತ್ನಗಳೇ ಈ ಲೇಖನದ ವಿಷಯ.

ಹವಾ ಇಳಿಸುವುದು ಯಾಕೆ ಎಂಬುದನ್ನು ದಾಂಡೇಲಿಯ ಕಾಡಿಗೆ ಬೇರೆಯವರು ಬಂದು ಹೇಳಿಕೊಡಬೇಕಿಲ್ಲ. ಇಲ್ಲಿ ಸಾಗುವಾನಿಯ ದಿಮ್ಮಿ ಎಳೆದದ್ದು ಆನೆಗಳು. ಆನೆ ಕಾಲೂರಿದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ಅದಕ್ಕೇ ಅಷ್ಟು ಭಾರದ ಪ್ರಾಣಿ ರಾಡಿಯಲ್ಲಿ ಹೂತುಕೊಳ್ಳದೆ ನಡೆಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಚಕ್ಕಡಿಯ ಕಬ್ಬಿಣದ ಪಟ್ಟಿ. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಉಳವಿ ಚನ್ನಬಸವಣ್ಣನ ಜಾತ್ರೆಗೆ ಸಾಲುಗಟ್ಟಿ ಬರುವ ಚಕ್ಕಡಿಗಳು ಕೆಮ್ಮಣ್ಣಿನ ಮೇಲೆ ಕೊರೆದು ಹೋಗುವ ಎರಡು ಗೆರೆಗಳನ್ನು ನೋಡಿದವರಿಗೆ, ಒಂದೇ ಭಾರ ಇಕ್ಕಟ್ಟಾದ ಜಾಗದ ಮೇಲೆ ಕೂತರೆ ನೆಲಕ್ಕೆ ಏನಾಗುತ್ತದೆ ಎಂಬುದು ಗೊತ್ತು.

ಟೈರು ಈ ಎರಡರ ನಡುವೆ ಎಲ್ಲಿಯಾದರೂ ನಿಲ್ಲಬಲ್ಲದು. ಒಂದು ಗಾಲಿಯ ಮೇಲೆ 450 ಕಿಲೋ ಭಾರವಿದೆ ಎನ್ನೋಣ. ಗ್ಯಾರೇಜಿನವರು ‘ಪೌಂಡ್’ ಎನ್ನುವ ಪಿಎಸ್‌ಐ ಲೆಕ್ಕದಲ್ಲಿ ಒಳಗೆ 32 ಇದ್ದರೆ, ಆ ಗಾಲಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 31 ಚದರ ಇಂಚು: ಬೆರಳು ಸೇರಿ ಒಂದು ಕೈಯಷ್ಟು. ಅದನ್ನೇ 16ಕ್ಕೆ ಇಳಿಸಿದರೆ ಎರಡು ಕೈಯಷ್ಟಾಗುತ್ತದೆ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಇಷ್ಟು ನಿಖರವಾಗಿ ಇರುವುದಿಲ್ಲವಾದರೂ ದಿಕ್ಕು ಇದೇ. ಟೈರು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಹರಡುತ್ತದೆ, ಟ್ಯಾಂಕಿನ ಪಟ್ಟಿಯ ಹಾಗೆ. ಹಿಡಿತ ಬರುವುದು ಅಲ್ಲಿಂದ. ಕಾಳಿ ಕೊಳ್ಳದ ಜಂಬಿಟ್ಟಿಗೆ ಕಲ್ಲಿನ ಮೇಲೆ ಇನ್ನೊಂದು ಲಾಭವಿದೆ. ಬಿಗಿದ ಟೈರು ಚೂಪುಕಲ್ಲಿನ ಮೇಲೆ ಪುಟಿಯುತ್ತದೆ, ಸಡಿಲ ಟೈರು ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಕುಂಬಾರವಾಡದ ಹತ್ತಿರ ಮಳೆಗಾಲದಲ್ಲಿ ನಮ್ಮ ಗಾಡಿ ಏರಿನಲ್ಲಿ ಜಾರುತ್ತಾ ನಿಂತಾಗ ಹಿಂದೆ ಬಂದ ಚಾಲಕರೊಬ್ಬರು ಇಳಿದು ನೋಡಿ, ‘ಆಕ್ಸಲೇಟರ್ ಬಿಡ್ರಿ ಸರ್ರ, ಮೊದಲ ಹವಾ ಕಮ್ಮಿ ಮಾಡ್ರಿ, ಗಾಡಿ ತಾನ ಏರ್ತೈತಿ’ ಎಂದರು. ಏರಿತು.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ; ಅದು ಬಳಕೆಗೆ ಬಂದದ್ದು 1888ರಲ್ಲಿ ಡನ್ಲಪ್ ಕೈಯಲ್ಲಿ. ನಮ್ಮ ಕಥೆಗೆ ಮುಖ್ಯನಾದವನು ಮೂರನೆಯವನು, ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್. ಅವನ ಹೆಸರಿನ 1893ರ ವಾಲ್ವೇ ಇಂದಿಗೂ ಥಾರ್, ಜಿಮ್ನಿ, ಬೊಲೆರೊ, ಟ್ರ್ಯಾಕ್ಟರ್ ಎಲ್ಲಕ್ಕೂ ಇರುವುದು. ಸ್ಪ್ರಿಂಗಿನ ಸಣ್ಣ ಪಿನ್ನು, ಅದನ್ನು ತಿರುಪಿ ತೆಗೆಯಬಹುದು, ಮತ್ತೆ ಹಾಕಬಹುದು.

ಬೇಕೆಂದೇ ಹವಾ ಇಳಿಸುವುದನ್ನು ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಹೆಸರು ಮೊದಲು ಬರುತ್ತದೆ. ಈ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿ ಸುತ್ತುವಾಗ ಮರಳಿನಲ್ಲಿ ಟೈರಿನ ಒತ್ತಡ ಇಳಿಸಿಕೊಂಡು ಓಡಿಸುವುದನ್ನು ರೂಢಿಸಿಕೊಂಡ. 1940ರಲ್ಲಿ ಅವನು ಕಟ್ಟಿದ ಮರುಭೂಮಿಯ ದೂರಗಾಮಿ ದಳವೂ ಅದನ್ನೇ ಅನುಸರಿಸಿತು. ಕೆಲವೇ ವರ್ಷದಲ್ಲಿ ದೊಡ್ಡ ಜಿಗಿತವೊಂದಾಯಿತು. ಅಮೆರಿಕ 1942ರಲ್ಲಿ ರೂಪಿಸಿದ, ನೀರಿನಲ್ಲೂ ನೆಲದಲ್ಲೂ ಓಡುವ ‘ಡಕ್’ ಟ್ರಕ್ಕಿನಲ್ಲಿ ಚಾಲಕ ಕೂತಲ್ಲಿಂದಲೇ ಆರೂ ಟೈರುಗಳ ಹವಾ ಏರಿಳಿಸುವ ವ್ಯವಸ್ಥೆ ಬಂತು. ಕಡಲ ದಂಡೆಯ ಮರಳಿಗೆ 10ರ ಆಸುಪಾಸು, ಗಟ್ಟಿ ರಸ್ತೆಗೆ 40. ಮುಂದೆ ಸೋವಿಯತ್ ಸೇನಾ ಟ್ರಕ್ಕುಗಳು ಇದನ್ನು ಮೈಗೂಡಿಸಿಕೊಂಡವು. ಬೆಂಗಳೂರಿನ ಬೆಮೆಲ್ ನಮ್ಮ ಸೇನೆಗೆ ಕೊಟ್ಟ ಟಾಟ್ರಾ ಟ್ರಕ್ಕುಗಳಲ್ಲೂ ಅದು ಬಂತು. ಸೇನೆಗೆ ಸಮಸ್ಯೆ ಬಗೆಹರಿದು ಎಂಬತ್ತು ವರ್ಷವಾಗಿದೆ. ಜೀಪಿನವರು ಮಾತ್ರ ಇನ್ನೂ ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂರಬೇಕು.

ಹೀಗೆ ಕೂತಾಗ ಹೊತ್ತು ಯಾಕೆ ಹಿಡಿಯುತ್ತದೆ? ಕಡ್ಡಿಯಿಂದಲೋ ಕೀಲಿಯ ತುದಿಯಿಂದಲೋ ಪಿನ್ನನ್ನು ಒತ್ತಿಹಿಡಿದರೆ ಒಂದೊಂದು ಗಾಲಿಗೂ ಮೂರು ನಾಲ್ಕು ನಿಮಿಷ ಬೇಕು. ಹೆಬ್ಬೆರಳು ಸೋಲುತ್ತದೆ. ಮೊದಲು ಜೋರಾಗಿ ಬರುವ ಹವಾ ಬರಬರುತ್ತಾ ಸೊರಗುತ್ತದೆ. ಒಳಗಿನ ಒಟ್ಟು ಒತ್ತಡ ಹೊರಗಿನ ವಾಯುಭಾರದ ಸುಮಾರು ಎರಡು ಪಟ್ಟಿಗಿಂತ ಹೆಚ್ಚಿರುವಷ್ಟು ಹೊತ್ತು, ಇಕ್ಕಟ್ಟಾದ ಕಿಂಡಿಯಲ್ಲಿ ಗಾಳಿ ಶಬ್ದದ ವೇಗದಲ್ಲೇ ಓಡುತ್ತಿರುತ್ತದೆ. ಆ ಕಿಂಡಿಯಲ್ಲಿ ಅದಕ್ಕಿಂತ ವೇಗ ಹುಟ್ಟದು. ಒತ್ತಡ ಇಳಿದಂತೆ ಗಾಳಿ ತೆಳುವಾಗುವುದರಿಂದ ಪ್ರತಿ ಕ್ಷಣ ಹೊರಬೀಳುವ ಪ್ರಮಾಣವೂ ಇಳಿಯುತ್ತದೆ. ಗೇಜು 13ರ ಹತ್ತಿರ ಬಂದ ಮೇಲೆ ಆ ವೇಗವೂ ಉಳಿಯುವುದಿಲ್ಲ. ಅಂದಮೇಲೆ ಉಪಾಯ ಒಂದೇ, ಕಿಂಡಿ ದೊಡ್ಡದು ಮಾಡುವುದು. ಪಿನ್ನು ಪೂರ್ತಿ ತೆಗೆದರೆ ನಾಲ್ಕು ನಿಮಿಷದ ಕೆಲಸ ಒಂದು ನಿಮಿಷದೊಳಗೆ ಬರುತ್ತದೆ.

ಆದರೆ ತೆಗೆದ ಪಿನ್ನಿಗೆ ಒಂದು ಅಪಾಯವಿದೆ. ಒಮ್ಮೆ ಜೋಯಿಡಾದ ಎಸ್ಟೇಟ್ ದಾರಿಯ ಬಾಯಲ್ಲಿ ನಾನು ಕೊನೆಯ ಸುತ್ತು ಬಿಡಿಸುತ್ತಿದ್ದಾಗ ಪಿನ್ನು ಗಾಳಿಯ ರಭಸಕ್ಕೆ ಬೆರಳಿನಿಂದ ಸಿಡಿದು ಸಾಗುವಾನಿಯ ಒಣ ಎಲೆಗಳ ರಾಶಿಗೆ ಬಿತ್ತು. ಸಣ್ಣ ಹಿತ್ತಾಳೆಯ ತುಂಡು, ಮೇಲೆ ಎಲೆಯದೇ ಬಣ್ಣ. ನಾಲ್ವರು ಮೊಣಕಾಲೂರಿ ಹುಡುಕುವಷ್ಟರಲ್ಲಿ ಗಾಲಿ ನೆಲಕ್ಕಂಟಿತ್ತು. ಅಂದಿನಿಂದ ನನ್ನ ಡ್ಯಾಶ್‌ಬೋರ್ಡಿನಲ್ಲಿ ಆರು ಪಿನ್ನುಗಳ ಪೊಟ್ಟಣ ಖಾಯಂ ಇದೆ. ಪಂಕ್ಚರ್ ಅಂಗಡಿಯಲ್ಲಿ ಅವು ಚಿಲ್ಲರೆ ಕಾಸಿಗೆ ಸಿಗುತ್ತವೆ.

ಈ ತೊಂದರೆಯನ್ನು ನೀಗಿಸಿದವರು ಆಸ್ಟ್ರೇಲಿಯಾದವರು. ಮರಳುದಿಬ್ಬ, ಕಡಲ ದಂಡೆ, ಸಾವಿರಾರು ಮೈಲಿ ಮಣ್ಣುದಾರಿ ಇರುವ ಆ ದೇಶದಲ್ಲಿ ಹವಾ ಇಳಿಸುವುದು ದಿನದ ಕೆಲಸ. ಅಲ್ಲಿ ಎರಡು ಹಾದಿಗಳು ತೆರೆದವು. ಸ್ಟಾನ್ ಹೆಸರಿನ ಹಿತ್ತಾಳೆಯ ಗುಂಡುಗಳು ಒಂದು ಬಗೆ. ಒಳಗೆ ಸ್ಪ್ರಿಂಗ್ ಇರುವ ಇವನ್ನು ಮನೆಯಲ್ಲೇ ಬೇಕಾದ ಒತ್ತಡಕ್ಕೆ ಹೊಂದಿಸಿಟ್ಟುಕೊಂಡು ನಾಲ್ಕೂ ಗಾಲಿಗೆ ತಿರುಪಿ ಬಿಟ್ಟರೆ, ಆ ಅಂಕಿ ಮುಟ್ಟಿದಾಗ ತಾವೇ ಮುಚ್ಚಿಕೊಳ್ಳುತ್ತವೆ. ಇನ್ನೊಂದು, ಮೆಲ್ಬರ್ನಿನ ಎಆರ್‌ಬಿ ಕಂಪನಿಯ ಡಿಫ್ಲೇಟರ್. ಇದನ್ನು ನಿಪ್ಪಲಿಗೆ ತಿರುಪಿ, ಹಿಂದಿನ ಹಿಡಿಯಿಂದ ಒಳಗಿನ ಪಿನ್ನು ಬಿಚ್ಚಿದರೆ ಪಿನ್ನು ಸಾಧನದ ಹೊಟ್ಟೆಯಲ್ಲೇ ಉಳಿಯುತ್ತದೆ. ಹೊರಗಿನ ಕೊಳವೆ ಸರಿಸಿದರೆ ಹವಾ ಬಿಡುತ್ತದೆ, ಮುಚ್ಚಿದರೆ ಗೇಜು ಓದಬಹುದು. ಇತ್ತೀಚಿನದು ನಾಲ್ಕು ಪೈಪಿನ ಜೋಡಣೆ. ನಾಲ್ಕೂ ಗಾಲಿಗೆ ಒಂದೊಂದು ಪೈಪು, ನಡುವೆ ಒಂದೇ ಗೇಜು, ಒಂದೇ ಬಾಯಿ. ಕೂಡಿಸಿದ ಕೊಡಗಳಲ್ಲಿ ನೀರು ಸಮ ನಿಲ್ಲುವಂತೆ ನಾಲ್ಕೂ ಟೈರು ಒಂದೇ ಒತ್ತಡಕ್ಕೆ ಬರುತ್ತವೆ. ಹವಾ ತುಂಬಲಿಕ್ಕೂ ಅದೇ ಪೈಪು. ರಿಮ್ಮಿಗೆ ಇನ್ನೊಂದು ರಂಧ್ರ ಕೊರೆದು ದೊಡ್ಡ ಬಾಯಿಯ ವಾಲ್ವನ್ನೇ ಕೂರಿಸುವವರೂ ಇದ್ದಾರೆ. ಕೆಲವೇ ಸೆಕೆಂಡು ಉಳಿಸಲು ರಿಮ್ಮು ಕೊರೆಯುವುದನ್ನು ನಮ್ಮ ದಾರಿಗಳಿಗೆ ನಾನು ಒಪ್ಪಲಾರೆ.

ಗೋವಾದಲ್ಲಿ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಮಳೆಗಾಲದ ಆಫ್‌ರೋಡ್ ಸ್ಪರ್ಧೆ 2014ರಲ್ಲಿ ಶುರುವಾಯಿತು. ಗಡಿಯಾಚೆಯ ಆ ಕೆಸರು ನಮ್ಮ ಕ್ಯಾಸಲ್‌ರಾಕ್, ಅಣಶಿಯ ಕೆಸರಿನ ಅಣ್ಣತಮ್ಮನೇ. ಈ ಕೆಸರಿನಲ್ಲಿ ಮೇಲಿನ ಸಾಧನಗಳಲ್ಲಿ ಯಾವುದು ನಿಲ್ಲುತ್ತದೆ? ತಾನೇ ಮುಚ್ಚಿಕೊಳ್ಳುವ ಗುಂಡುಗಳು ಒಣ ಮರಳಿಗೆ ಚೆನ್ನ. ಜುಲೈ ತಿಂಗಳ ಕೆಂಪು ರಾಡಿಯ ಒಂದು ಕಣ ಸ್ಪ್ರಿಂಗಿನ ಬಳಿ ಕೂತರೆ ಮುಚ್ಚುವ ಅಂಕಿ ತಪ್ಪುತ್ತದೆ, ಆಗ ಗೇಜಿನಿಂದ ಮತ್ತೆ ನೋಡಲೇಬೇಕು. ನಾಲ್ಕು ಪೈಪು ವೇಗದಲ್ಲಿ ಎಲ್ಲಕ್ಕಿಂತ ಮುಂದು, ಆದರೆ ಹಿಂದೆ ಆರು ಜನ, ಅಕ್ಕಿ ಮೂಟೆ ಹೇರಿದ ಗಾಡಿಗೆ ಹಿಂದಿನ ಗಾಲಿಯಲ್ಲಿ ಮೂರು ನಾಲ್ಕು ಪೌಂಡ್ ಹೆಚ್ಚು ಬೇಕು, ಪೈಪು ಅದನ್ನು ಕೊಡುವುದಿಲ್ಲ. ಪಿನ್ನನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗೇಜಿನ ಸಾಧನ ಒಂದಿದ್ದರೆ ದಾಂಡೇಲಿ ಸೀಮೆಗೆ ಸಾಕು ಎಂಬುದು ನನ್ನ ಅನುಭವ.

ಎಷ್ಟಕ್ಕೆ ಇಳಿಸಬೇಕು ಎಂಬಲ್ಲಿ ಟ್ಯೂಬಿನ ಹಳೆ ಜೀಪಿಗೂ ಟ್ಯೂಬ್‌ಲೆಸ್ ಥಾರ್‌ಗೂ ದೊಡ್ಡ ವ್ಯತ್ಯಾಸವಿದೆ. ಟ್ಯೂಬಿನ ಗಾಲಿಯಲ್ಲಿ ಹವಾ ತೀರಾ ಕಮ್ಮಿಯಾದರೆ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಎಳೆದೊಯ್ಯುತ್ತದೆ. ನಿಪ್ಪಲ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿ ಬುಡದಿಂದ ಕಿತ್ತುಬರುತ್ತದೆ. ಹಳೆಯ ಚಾಲಕರು 20ರ ಕೆಳಗೆ ಇಳಿಯಲು ಹಿಂಜರಿಯುವುದು ಇದಕ್ಕೇ. ಟ್ಯೂಬ್‌ಲೆಸ್‌ನಲ್ಲಿ 16-18 ನಿರಾಳ. 12ರ ಕೆಳಗೆ ಹೋದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮು ಬಿಟ್ಟು ಏಳಬಹುದು. ಹುಬ್ಬಳ್ಳಿಯಿಂದ ಒಂದೇ ಓಟದಲ್ಲಿ ಬಂದ ಗಾಲಿ ಬಿಸಿಯಾಗಿರುತ್ತದೆ, ಗೇಜು ಮೂರು ನಾಲ್ಕು ಪೌಂಡ್ ಹೆಚ್ಚೇ ತೋರಿಸುತ್ತದೆ. ಆಗ 16ಕ್ಕೆ ಇಳಿಸಿದರೆ ಹೊಳೆ ದಾಟಿ ತಣ್ಣಗಾದ ಮೇಲೆ 14ರ ಆಸುಪಾಸು ಉಳಿದಿರುತ್ತದೆ.

ಈ ವಿದ್ಯೆ ನಿಜವಾಗಿ ಬೇಕಾಗಿರುವುದು ಪ್ರವಾಸಿಗರಿಗಲ್ಲ. ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರು ಇದೇ ಸಮಸ್ಯೆಯನ್ನು ಪ್ರತಿ ಹಂಗಾಮಿನಲ್ಲಿ ಎದುರಿಸುತ್ತಾರೆ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ ಹೊಲದಲ್ಲಿ 12 ಪೌಂಡ್‌ನಷ್ಟು ಸಾಕು; ಕಬ್ಬಿನ ಟ್ರೇಲರ್ ಎಳೆದು ಹಳಿಯಾಳದ ಸಕ್ಕರೆ ಕಾರ್ಖಾನೆಯ ಹಾದಿ ಹಿಡಿದಾಗ ಹೆಚ್ಚು ಬೇಕು. ಆ ಗಾಲಿಯ ನಿಪ್ಪಲ್ ಎರಡು ಅಂತಸ್ತಿನದು. ಮೇಲಿನ ಸಣ್ಣ ಪಿನ್ನು ಹವಾಕ್ಕೆ. ಅದರ ಕೆಳಗಿನ ಮನೆಯನ್ನೇ ಬಿಚ್ಚಿದರೆ ಅಗಲವಾದ ಬಾಯಿ ತೆರೆದುಕೊಳ್ಳುತ್ತದೆ. ಭಾರಕ್ಕಾಗಿ ಟ್ಯೂಬಿಗೆ ನೀರು ತುಂಬುವುದು ಅದರಿಂದಲೇ. ಬೇಗ ಹವಾ ಇಳಿಸಲು ದೊಡ್ಡ ಕಿಂಡಿ ಬೇಕು ಎಂದು ಆಫ್‌ರೋಡಿನವರು ಕಂಡುಕೊಂಡದ್ದು ನಮ್ಮ ರೈತರ ಗಾಲಿಯಲ್ಲಿ ಮೊದಲೇ ಇತ್ತು! ಇಳಿಸುವುದು ಹೀಗೆ ಸಲೀಸಾದರೂ ಅಷ್ಟು ದೊಡ್ಡ ಗಾಲಿಗೆ ಮತ್ತೆ ತುಂಬಲು ಹೊಲದಲ್ಲಿ ಸಾಧನವಿಲ್ಲ. ಅದಕ್ಕೇ ರಸ್ತೆಯ ಹವಾದಲ್ಲೇ ಹೊಲಕ್ಕಿಳಿಯುತ್ತಾರೆ. ಭತ್ತದ ಹಸಿ ಮಣ್ಣು ಗಾಲಿಯಡಿ ಗಟ್ಟಿಯಾಗುತ್ತದೆ, ಮುಂದಿನ ಬೆಳೆಯ ಬೇರು ಆಳಕ್ಕಿಳಿಯದೆ ಒದ್ದಾಡುತ್ತದೆ. ಯೂರೋಪಿನ ಕೆಲವು ಟ್ರ್ಯಾಕ್ಟರುಗಳಲ್ಲಿ ಸೀಟಿನಿಂದಲೇ ಹವಾ ಬದಲಿಸುವ ಸೌಲಭ್ಯ ಬಂದಿದೆ. ನಮ್ಮಲ್ಲಿ ಬಾಡಿಗೆ ಯಂತ್ರ ಕೊಡುವ ಕಡೆಗಳಲ್ಲಿ ಟ್ರ್ಯಾಕ್ಟರಿನಿಂದಲೇ ಓಡುವ ಒಂದು ಕಂಪ್ರೆಸರ್ ಇಟ್ಟರೂ ಸಾಕಾಗುತ್ತಿತ್ತು.

ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ 1959ರಲ್ಲಿ ಉತ್ಪಾದನೆ ಶುರುಮಾಡಿತು. ಅದಕ್ಕೆ ಬಿದಿರು ತರುತ್ತಿದ್ದ ಲಾರಿ, ನಾಟಾ ಡಿಪೋಕ್ಕೆ ಹೊರಟ ದಿಮ್ಮಿಯ ಲಾರಿ ಕಾಡಿನ ಮಣ್ಣುದಾರಿಯನ್ನು ಹೇಗೆ ಉತ್ತು ಹಾಕುತ್ತಿದ್ದವು ಎಂಬುದನ್ನು ಇಲ್ಲಿನ ಹಿರಿಯರು ಬಲ್ಲರು. ಇಂಥದೇ ದಾರಿಗಳ ಮೇಲೆ ಅಮೆರಿಕದ ಅರಣ್ಯ ಇಲಾಖೆ 1980ರ ದಶಕದಿಂದ ಪ್ರಯೋಗ ನಡೆಸಿತು. ದಿಮ್ಮಿ ಲಾರಿಗಳಿಗೆ ಕ್ಯಾಬಿನ್‌ನಿಂದ ಹವಾ ನಿಯಂತ್ರಿಸುವ ವ್ಯವಸ್ಥೆ ಕೂರಿಸಿ, ಕಾಡಿನಲ್ಲಿ ಕಡಿಮೆ ಒತ್ತಡದಲ್ಲಿ ಓಡಿಸಿದರು. ದಾರಿ ಕೊರೆಯುವುದು ತಗ್ಗಿತು, ರಿಪೇರಿ ಕಡಿಮೆಯಾಯಿತು, ಮಳೆಯಲ್ಲಿ ದಾರಿಯಿಂದ ಹೊಳೆಗೆ ಹರಿಯುವ ಮಣ್ಣು ಗಣನೀಯವಾಗಿ ಇಳಿಯಿತು. ಈ ಕ್ಷೇತ್ರದ ಎಲ್ಲ ಬೆಳವಣಿಗೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಇದು. ಸಡಿಲ ಗಾಲಿಯಿಂದ ಚಾಲಕನಷ್ಟೇ ಅಲ್ಲ, ದಾರಿಯೂ ಉಳಿಯುತ್ತದೆ. ದಾಂಡೇಲಿಯ ಸಫಾರಿ ಜೀಪುಗಳು ಒಂದೇ ಮಣ್ಣಿನ ದಾರಿಯಲ್ಲಿ ದಿನವೂ ಓಡುತ್ತವೆ. ಆ ದಾರಿಗಳಲ್ಲಿ ಇದನ್ನು ಒಂದು ಹಂಗಾಮು ಪರೀಕ್ಷಿಸಿ ನೋಡಲು ದೊಡ್ಡ ಖರ್ಚೇನೂ ಬೇಡ.

ಹೊಸದಾಗಿ ಗಾಡಿ ಕೊಂಡು ಬರುವವರಿಗೆ ಒಂದು ಮಾತು. 1956ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಈ ಕಾಡಿನೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹವಾ ಇಳಿಸಿ ಓಡಾಡಲು ಹಳ್ಳಿಗಳ ಕಚ್ಚಾ ರಸ್ತೆಗಳಿವೆ, ಒಪ್ಪಿಗೆ ಪಡೆದ ಖಾಸಗಿ ಎಸ್ಟೇಟುಗಳಿವೆ.

ಇಳಿಸಿದ ಹವಾ ಮತ್ತೆ ತುಂಬದೆ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಟೈರು ಬಿಸಿಯೇರಿ ಪಕ್ಕದ ಗೋಡೆ ಸೀಳುತ್ತದೆ. 16-18ರಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಬಾರದು. ಹಳೆಯ ಪೆಟ್ರೋಲ್ ಜೀಪಿನವರು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ಜಾಗಕ್ಕೆ ಪಂಪು ತಿರುಪಿ ಎಂಜಿನ್ನಿನಿಂದಲೇ ಹವಾ ಹೊಡೆಯುತ್ತಿದ್ದರು. ಈಗ ಬ್ಯಾಟರಿಗೆ ಚುಚ್ಚುವ ಕಂಪ್ರೆಸರ್ ಬಂದಿದೆ. ಅದೂ ಕೈಕೊಟ್ಟರೆ ಗಣೇಶಗುಡಿಯ ರಸ್ತೆಬದಿ ನಿಂತು ಲಾರಿಗೆ ಕೈ ತೋರಿಸಿ. ಬ್ರೇಕಿನ ಟ್ಯಾಂಕಿನಿಂದ ಪೈಪು ಎಳೆದು ನಾಲ್ಕೂ ಗಾಲಿಗೆ ಹವಾ ಹಾಕಿಕೊಡುವ ಚಾಲಕರು ಈ ದಾರಿಯಲ್ಲಿ ನನಗೆ ಸಿಕ್ಕಿದ್ದಾರೆ. ಚಹಾ ಕುಡಿಸಿದ್ದಕ್ಕಿಂತ ಹೆಚ್ಚಿನದೇನನ್ನೂ ಅವರು ತೆಗೆದುಕೊಳ್ಳಲಿಲ್ಲ.